ನಾಲ್ವರು ಕೂಡಿ ಓದಿದ್ದಕ್ಕೆ ಐದನೆಯವನ ಹೊಟ್ಟೆಕಿಚ್ಚು

ಈ ಬರಹದ ಅಸಲು ಎಷ್ಟೆಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಸಂತೆಯ ದಿನದ ದುಡಿಮೆ, ಜಗಳೂರಿನಿಂದ ದಾವಣಗೆರೆಗೆ ಹೋಗಿಬಂದ ಬಸ್ ಚಾರ್ಜು, ಐದು ಜನಕ್ಕೆ ಮಂಡಕ್ಕಿ ಮಿರ್ಚಿ, ಮತ್ತು ನನ್ನ ಕಸುಬಿನವರು ಕಟ್ಟಿಕೊಂಡ ಹೆಂಡತಿಗೂ ಹೇಳದಂಥ ಒಂದು ದರ. ಮೊದಲ ಮೂರರ ಬಗ್ಗೆ ನನಗೆ ಬೇಸರವಿಲ್ಲ, ಸಂತೆ ಮುಂದಿನ ವಾರವೂ ಬರುತ್ತದೆ. ನಾಲ್ಕನೆಯದು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ಬಾಡಿನ ನಾರಿನಂತೆ ಇವತ್ತಿಗೂ ಕಾಡುತ್ತದೆ. ಇಷ್ಟೆಲ್ಲ ಯಾಕೆ ಖರ್ಚಾಯಿತು ಎಂದರೆ, ಕಾಲೇಜಿನ ನಾಲ್ಕು ಹುಡುಗಿಯರು ಒಂದೇ ಬೆಂಚಿನಲ್ಲಿ ಕೂತು, ಒಂದಕ್ಕೊಂದು ಗಂಟು ಹಾಕಿದ ಮೂರು ಪಾಠಗಳನ್ನು ಕೂಡಿ ಓದುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ನಾಲ್ವರಲ್ಲಿ ಒಬ್ಬಳು ನನ್ನ ಸ್ವಂತ ಮಗಳು ಎಂಬುದು ಆ ಕಿಚ್ಚಿಗೆ ಬಿದ್ದ ತುಪ್ಪ.

ನಾನು ಕುರಿ ದಲ್ಲಾಳಿ. ಹೀಗೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅಪ್ಪ ಕೊಟ್ಟದ್ದು ಒಂದು ಕಂಬಳಿ, ಉಳಿದದ್ದೆಲ್ಲ ನಾಲಿಗೆ ದುಡಿದದ್ದು. ಕುರಿಯ ಬೆನ್ನ ಮೇಲೆ ಕೈಯಿಟ್ಟು ತೂಕ ಹೇಳುತ್ತೇನೆ, ಕೊಳ್ಳಲು ಬಂದವನ ಚಪ್ಪಲಿ ನೋಡಿ ಅವನ ಕಿಸೆ ಹೇಳುತ್ತೇನೆ. ಇಂಥವನಿಗೆ ಹೊಟ್ಟೆಕಿಚ್ಚು ಕಸುಬಿನ ಒಂದು ಹತಾರವೇ ಹೊರತು ರೋಗವಲ್ಲ. ಪಕ್ಕದ ದಲ್ಲಾಳಿಯ ವ್ಯಾಪಾರ ಕುದುರಿದಾಗ ಎದೆಯಲ್ಲಿ ಸ್ವಲ್ಪ ಉರಿಯದಿದ್ದರೆ ನಾಳೆ ಬೇಗ ಏಳುವ ಮನಸ್ಸು ಎಲ್ಲಿಂದ ಬರಬೇಕು? ಆದರೆ ಇದುವರೆಗೆ ನಾನು ಉರಿದುಕೊಂಡಿದ್ದು ಗಂಡಸರ ಮೇಲೆ, ವ್ಯಾಪಾರದ ವಿಷಯಕ್ಕೆ. ಇಪ್ಪತ್ತು ತುಂಬದ ಹುಡುಗಿಯರ ಮೇಲೆ, ಅದೂ ಅವರು ಪಾಠ ಕೇಳುತ್ತಾರೆ ಎನ್ನುವ ಕಾರಣಕ್ಕೆ ಉರಿದುಕೊಂಡದ್ದು ಇದೇ ಮೊದಲು.

ವಿಷಯ ಇಷ್ಟು. ಮಗಳು ಚೈತ್ರಾ ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿದ್ದಾಳೆ, ಇರುವುದು ಹಾಸ್ಟೆಲ್ಲಿನಲ್ಲಿ. ಆ ಕಾಲೇಜಿನಲ್ಲಿ ಒಂದು ಹೊಸ ಏರ್ಪಾಡು ಮಾಡಿದ್ದಾರೆ. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಕನ್ನಡ, ಈ ಮೂರನ್ನೂ ಅದದೇ ಮಕ್ಕಳು ಒಟ್ಟಿಗೆ ತೆಗೆದುಕೊಳ್ಳಬೇಕು. ಮೂರು ಪಾಠದ ಮೇಷ್ಟ್ರುಗಳು ಮೊದಲೇ ಕೂತು ಮಾತಾಡಿಕೊಂಡಿರುತ್ತಾರೆ. ಅರ್ಥಶಾಸ್ತ್ರದಲ್ಲಿ ಬಂದ ಪ್ರಶ್ನೆಗೆ ಸಂಖ್ಯಾಶಾಸ್ತ್ರದಲ್ಲಿ ಲೆಕ್ಕ ಹಾಕುತ್ತಾರೆ, ಆ ಲೆಕ್ಕ ಏನು ಹೇಳಿತು ಎಂಬುದನ್ನು ಕನ್ನಡದ ಪಿರಿಯಡ್ಡಿನಲ್ಲಿ ನೆಟ್ಟಗೆ ಬರೆಯುತ್ತಾರೆ. ಮಕ್ಕಳು ಇದನ್ನು ಲಿಂಕ್ ಬ್ಯಾಚ್ ಎನ್ನುತ್ತಾರೆ. ಬೇಡದವರು ಮಾಮೂಲಿ ಸೆಕ್ಷನ್ನಿನಲ್ಲಿ ಒಂದೊಂದು ಪಾಠವನ್ನು ಒಂದೊಂದು ಗುಂಪಿನ ಜೊತೆ ಬಿಡಿಬಿಡಿಯಾಗಿ ಓದಬಹುದು. ನನ್ನ ಮಗಳು ನನ್ನನ್ನು ಕೇಳದೆ ಲಿಂಕ್ ಬ್ಯಾಚಿಗೆ ಸೇರಿದಳು. ಅಲ್ಲಿ ಅವಳಿಗೆ ಮೂವರು ಸಿಕ್ಕರು: ಚನ್ನಗಿರಿ ಕಡೆಯ ನಲ್ಲೂರಿನಲ್ಲಿ ಕಿರಾಣಿ ಅಂಗಡಿ ಇಟ್ಟವರ ಮಗಳು ಬಿಂದು, ನ್ಯಾಮತಿ ತಾಲ್ಲೂಕು ಗೋವಿನಕೋವಿಯ ಸುಜಾತಾ, ಹೊನ್ನಾಳಿಯ ಮೇಘನಾ. ಜಿಲ್ಲೆಯ ನಾಲ್ಕು ಮೂಲೆಯಿಂದ ನಾಲ್ಕು ಜಾತಿಯ ನೀರು ಕುಡಿದು ಬಂದವರು ಒಂದೇ ಬೆಂಚಿಗೆ ಅಂಟಿಕೊಂಡರು.

ಅಲ್ಲಿಂದ ನನ್ನ ಮಗಳ ಮಾತಿನಲ್ಲಿ 'ನಾನು' ಸತ್ತುಹೋಯಿತು. ಊಟ ಆಯ್ತಾ ಎಂದರೆ 'ನಾವು ಮಾಡಿದ್ವಿ'. ಓದಿದೆಯಾ ಎಂದರೆ 'ನಾವು ಓದ್ತಿದೀವಿ'. ತಲೆನೋವು ಹೋಯ್ತಾ ಎಂದು ಕೇಳಿದರೆ 'ನಮಗೆ ಈಗ ಪರವಾಗಿಲ್ಲ ಅಪ್ಪಾಜಿ' ಎನ್ನುವಳೇನೋ ಎಂದು ಹೆದರಿ ನಾನು ಕೇಳುವುದನ್ನೇ ಬಿಟ್ಟೆ. ಮೊದಲೆಲ್ಲ ಲೆಕ್ಕ ತಪ್ಪಿದರೆ, ಚಪ್ಪಲಿ ಕಿತ್ತರೆ, ಗೆಳತಿಯ ಜೊತೆ ಮಾತು ಬಿಟ್ಟರೆ ನನ್ನ ಹತ್ತಿರ ಬರುತ್ತಿದ್ದಳು. ಸಲಹೆ ಕೊಡುವುದು ನನಗೆ ಬೀಡಿ ಸೇದುವವರಿಗೆ ಬೀಡಿ ಇದ್ದಂತೆ. ರಜೆಗೆ ಊರಿಗೆ ಬಂದವಳು ಒಂದು ಚೂಡಿದಾರದ ಬಣ್ಣ ಆರಿಸಲು ಫೋಟೋ ತೆಗೆದು ಗ್ರೂಪಿಗೆ ಹಾಕಿ, ಮೂರು ಊರಿನಿಂದ ಉತ್ತರ ಬರುವವರೆಗೆ ಅಂಗಡಿಯವನನ್ನು ಕಾಯಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯವೂ ಸಿದ್ಧವಾಗಿತ್ತು. ಯಾರೂ ಕೇಳಲಿಲ್ಲ.

ನನ್ನ ಹೆಂಡತಿ ಇದನ್ನೆಲ್ಲ ನೋಡಿ, "ರೀ, ನಿಮ್ಮ ಮುಖ ಸವತಿ ಮನೆಗೆ ಬಂದಂಗೆ ಐತೆ, ಒಂದಲ್ಲ ಮೂರು ಸವತೇರು" ಎಂದಳು. ಅವಳಿಗೆ ಮಾತು ಕಮ್ಮಿ, ಆದರೆ ಆಡಿದ್ದು ತೂಕಕ್ಕೆ ಸರಿಯಾಗಿರುತ್ತದೆ.

ಹೊಟ್ಟೆಕಿಚ್ಚಿನ ಬೇರು ಕೆದಕಿದರೆ ಇನ್ನೊಂದು ಸಿಗುತ್ತದೆ. ನಾನೂ ಬಿ.ಎ. ಮಾಡಿದವನೇ. ಎಕ್ಸ್‌ಟರ್ನಲ್. ಮದುವೆಯಾದ ಮೇಲೆ, ಕುರಿ ವ್ಯಾಪಾರ ಮಾಡುತ್ತಲೇ, ಅಂಚೆಯಲ್ಲಿ ಬಂದ ಪಾಠದ ಕಟ್ಟುಗಳನ್ನು ಬಸ್ಸಿನಲ್ಲಿ ಓದಿ ಪಾಸು ಮಾಡಿದವನು. ಓದುವ ಆ ಅಷ್ಟೂ ಕಾಲ ನನ್ನ ಪಕ್ಕದಲ್ಲಿ ಅದೇ ಪಾಠ ಓದುವ ಒಂದು ನರಪಿಳ್ಳೆ ಇರಲಿಲ್ಲ. ಪರೀಕ್ಷೆಗೆ ಹೋದರೆ ಮುಂದಿನ ಬೆಂಚಿನವನ ಬೆನ್ನು ಗೊತ್ತು, ಹೆಸರು ಗೊತ್ತಿಲ್ಲ. ಅರ್ಥಶಾಸ್ತ್ರದ ಪೇಪರಿನಲ್ಲಿ ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ ಎಂದು ಬಾಯಿಪಾಠ ಮಾಡಿ ಬರೆದೆ. ಅದೇ ವಾರ ಹಬ್ಬದ ಮುಂದಿನ ಸಂತೆಯಲ್ಲಿ ಟಗರಿನ ಬೆಲೆ ಏರಿಸಿ ಮಾರಿದೆ. ಎರಡೂ ಒಂದೇ ಸಂಗತಿ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ, ಬೇರೇನೋ ಮಾಡುತ್ತಿದ್ದಾಗ. ಪಕ್ಕದಲ್ಲಿ ಒಬ್ಬ ಇದ್ದಿದ್ದರೆ, 'ಏಯ್, ಇದು ನಿನ್ನ ಸಂತೆ ಕಣೋ' ಎಂದು ತಿವಿಯುತ್ತಿದ್ದ. ನನ್ನ ಡಿಗ್ರಿಗೆ ಆ ತಿವಿತ ಒಂದು ಕಮ್ಮಿ ಬಿತ್ತು.

ಇಷ್ಟರ ಮೇಲೆ ಜ್ವರದ ಪ್ರಸಂಗ ನಡೆಯಿತು. ಒಂದು ಸಂತೆಯ ದಿನ ಬೆಳಿಗ್ಗೆ ಹೆಂಡತಿ ಫೋನ್ ಮಾಡಿ, ಚೈತ್ರಾಗೆ ಎರಡು ದಿನದಿಂದ ಜ್ವರವಂತೆ, ಈಗ ಹೇಳಿದಳು ಎಂದಳು. ಕೈಯಲ್ಲಿದ್ದ ವ್ಯವಹಾರ ಹೇಗೋ ಮುಗಿಸಿ, ಎಳನೀರು, ಬ್ರೆಡ್ಡು, ದೇವರ ಅಂಗಾರ ಎಲ್ಲ ಹಿಡಿದು ಬಸ್ಸು ಹತ್ತಿದೆ. ಹಾಸ್ಟೆಲ್ಲಿನ ಗೇಟಿನ ಹತ್ತಿರ ಬಂದವರು ಕೂರುವ ಒಂದು ಕಲ್ಲುಬೆಂಚಿದೆ. ಅಲ್ಲಿಗೆ ಮಗಳನ್ನು ಶಾಲು ಹೊದಿಸಿ ಕರೆತಂದರು, ಮೂವರೂ, ಮಂತ್ರಿಯ ಹಿಂದೆ ಬರುವ ಪೊಲೀಸರಂತೆ. ಡಾಕ್ಟರಿಗೆ ತೋರಿಸಿಯಾಗಿತ್ತು. ಮಾತ್ರೆಯ ಹೊತ್ತು ಒಬ್ಬಳ ಜವಾಬ್ದಾರಿ, ಗಂಜಿ ಇನ್ನೊಬ್ಬಳದು. ತಪ್ಪಿಹೋದ ಪಾಠವನ್ನು ಮೇಘನಾ ಸಂಜೆ ಸಂಜೆ ಬಂದು ಓದಿ ಹೇಳುತ್ತಿದ್ದಳು. ಮೂರು ಪಾಠಕ್ಕೂ ಅದೇ ಗುಂಪಾದ್ದರಿಂದ ಒಬ್ಬಳು ಹೇಳಿದರೆ ಮೂರೂ ಮುಗಿಯಿತು.

"ಅಷ್ಟ್ ದೂರದಿಂದ ಯಾಕ್ ಬರಾಕೆ ಹೋದ್ರಿ ಅಂಕಲ್, ನಾವ್ ಇಲ್ವಾ?" ಎಂದಳು ಸುಜಾತಾ. ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ 'ನಿಮ್ಮ ಅಂಗಡಿ ಬಾಗಿಲು ಹಾಕ್ರಿ' ಎಂದಂತೆ ಕೇಳಿಸಿತು. ಎಳನೀರನ್ನು ಕೂಡ ಅವರು ನಾಲ್ಕು ಲೋಟಕ್ಕೆ ಹಂಚಿಕೊಂಡು ಕುಡಿದರು.

ಅವತ್ತು ವಾಪಸ್ಸು ಬರುವ ಬಸ್ಸಿನಲ್ಲಿ ನಾನೊಂದು ತೀರ್ಮಾನಕ್ಕೆ ಬಂದೆ. ಮುಂದಿನ ಸೆಮಿಸ್ಟರಿಗೆ ಮಗಳನ್ನು ಈ ಬ್ಯಾಚಿನಿಂದ ಬಿಡಿಸಿ ಮಾಮೂಲಿ ಸೆಕ್ಷನ್ನಿಗೆ ಹಾಕಿಸುವುದು. ಕಾರಣ ಬೇಕಲ್ಲ, ಅದನ್ನೂ ಹೊಂದಿಸಿಕೊಂಡೆ. ಚೈತ್ರಾ ಲೆಕ್ಕದಲ್ಲಿ ಚುರುಕು. ಉಳಿದವರಿಗೆ ಪುಕ್ಕಟೆ ಹೇಳಿಕೊಡುತ್ತಾ ಕೂತರೆ ಇವಳ ರ್‍ಯಾಂಕಿನ ಗತಿಯೇನು? ಒಳ್ಳೆಯ ಮಾಲನ್ನು ಯಾರಾದರೂ ಹೀಗೆ ಬೀದಿಯಲ್ಲಿ ಸುರಿಯುತ್ತಾರೆಯೇ? ಕೇಳಲು ಬಹಳ ಚೆನ್ನಾಗಿತ್ತು. ಹೆಂಡತಿಯ ಮುಂದೆ ಮಂಡಿಸಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಅವಳ ರ್‍ಯಾಂಕಿನ ಮಾತಲ್ಲ ಇದು, ನಿಮ್ಮ ರ್‍ಯಾಂಕಿನ ಮಾತು" ಎಂದಳು. ನಾನು ಕೇಳಿಸದವನಂತೆ ಎದ್ದು ಹೋದೆ. ಸಂಸಾರದಲ್ಲಿ ಕಿವುಡುತನ ಸಮಯಕ್ಕೆ ಒದಗುವ ಆಸ್ತಿ.

ಇದರ ನಡುವೆ ಆ ಬ್ಯಾಚಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ನಿಮ್ಮ ಸುತ್ತಲಿನ ಯಾವುದಾದರೂ ಒಂದು ಪದಾರ್ಥ ಹಳ್ಳಿಯಿಂದ ಸಂತೆಗೆ ಬರುವವರೆಗೆ ಹೇಗೆ ಬೆಲೆ ಕಟ್ಟಿಕೊಳ್ಳುತ್ತದೆ ನೋಡಿ, ಲೆಕ್ಕ ಹಾಕಿ, ಬರೆಯಿರಿ ಎಂದು. ಈ ನಾಲ್ವರು ಕುರಿಯನ್ನು ಆರಿಸಿಕೊಂಡರು. ಯಾರನ್ನು ಕೇಳುವುದು ಎಂದು ಹುಡುಕುವ ಶ್ರಮವಿಲ್ಲ, ಜಗಳೂರಿನಲ್ಲಿ ನಾನಿದ್ದೇನೆ. ದಲ್ಲಾಳಿತನದ ಜೊತೆಗೆ ನಾನೇ ಒಂದು ಸಣ್ಣ ಹಿಂಡು ಕೊಂಡು, ಕೆಲವು ತಿಂಗಳು ಮೇಯಿಸಿ ಆಗಷ್ಟೇ ಮಾರಿದ್ದೆ. ಆ ಹಿಂಡಿನ ಮೇಲೆಯೇ ಇವರ ಕಣ್ಣು. ಮಗಳು ಸ್ವಂತ ಅಪ್ಪನನ್ನು ಕೇಳುವಂತಿಲ್ಲ ಎಂದು ಮೇಷ್ಟ್ರು ಹೇಳಿದ್ದರಿಂದ ಉಳಿದ ಮೂವರು ಒಂದೊಂದು ಭಾಗ ಹಂಚಿಕೊಂಡು ಬೇರೆಬೇರೆ ದಿನ ಫೋನ್ ಮಾಡಿದರು. ಒಬ್ಬಳು ಮೇವಿನ ಖರ್ಚು ಕೇಳಿದಳು, ಒಬ್ಬಳು ಸಾಗಾಣಿಕೆ, ಮತ್ತೊಬ್ಬಳು ಸಂತೆಯ ವಿಷಯ. ಮೂವರೂ ಕೊನೆಗೆ ತಪ್ಪದೆ ಕೇಳಿದ್ದು ಒಂದೇ: "ಒಟ್ಟು ಯಾವ ದರಕ್ಕೆ ಹೋಯ್ತು ಅಂಕಲ್?"

ಇಲ್ಲಿ ನಮ್ಮ ಕಸುಬಿನ ರಿವಾಜನ್ನು ಹೇಳಬೇಕು. ಕುರಿಯ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ, ಟವೆಲ್ಲಿನ ಕೆಳಗೆ ನಡೆಯುತ್ತದೆ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು, ಮೇಲೆ ಟವೆಲ್ ಹೊದಿಸಿ, ಬೆರಳು ಒತ್ತಿ ದರ ಹೇಳುತ್ತಾರೆ. ಸುತ್ತ ನಿಂತ ನೂರು ಜನಕ್ಕೆ ಟವೆಲ್ ಅಲುಗಾಡುವುದು ಕಾಣುತ್ತದೆ, ದರ ಕಾಣುವುದಿಲ್ಲ. ಆಮೇಲೆ ಯಾರಾದರೂ ಎಷ್ಟಕ್ಕೆ ಹೋಯಿತು ಎಂದು ಕೇಳಿದರೆ ಕೇಳಿದವನನ್ನು ನೋಡಿ ಉತ್ತರ ಹೇಳುವುದು ಮರ್ಯಾದೆ. ನಾಳೆ ಕೊಳ್ಳಲು ಬರುವವನಾದರೆ ಸ್ವಲ್ಪ ಮೇಲೆ ಹೇಳಬೇಕು, ಮಾರಲು ಬರುವವನಾದರೆ ಸ್ವಲ್ಪ ಕೆಳಗೆ. ಇದನ್ನು ನಮ್ಮಲ್ಲಿ ಯಾರೂ ಸುಳ್ಳು ಎನ್ನುವುದಿಲ್ಲ, ಯಾರೂ ನಂಬುವುದೂ ಇಲ್ಲ. ಬಿಂದು ಮಾತಿನ ನಡುವೆ, ನಮ್ಮನೇಲಿ ದೇವರ ಕಾರ್ಯಕ್ಕೆ ಟಗರು ತಗೋಬೇಕು ಅಂತಿದಾರೆ ಎಂದಿದ್ದಳು, ಅವಳಿಗೆ ಏರಿಸಿ ಹೇಳಿದೆ. ಸುಜಾತಾ ನಮ್ಮ ಮಾವನ ಹತ್ರ ಕುರಿ ಅದಾವೆ ಎಂದಿದ್ದಳು, ಅವಳಿಗೆ ಇಳಿಸಿದೆ. ಮೇಘನಾ ಸುಮ್ನೆ ಓದಾಕೆ ಅಂಕಲ್ ಎಂದಳು. ಓದುವವರಿಗೆ ಏನು ಹೇಳಿದರೇನು ಎಂದು ನಡುವಿನದೊಂದು ದರ ಕೊಟ್ಟೆ. ಬಾಯಿ ತಾನಾಗಿ ಆಡಿತು, ನಾನು ಯೋಚಿಸಲೂ ಇಲ್ಲ.

ಬ್ಯಾಚ್ ಬದಲಿಸಲು ಕೊನೆಯ ದಿನ ಬಂತು. ಅದು ಸಂತೆಯ ದಿನವೇ ಆದರೂ ಬಿಟ್ಟು ಹೊರಟೆ. ಕಾಲೇಜಿನ ಆಫೀಸಿನವರು, ಸಂಜೆಯೊಳಗೆ ಬಂದು ಹೇಳಿದರೆ ಸಾಕು, ಮೊದಲು ಅವರ ಅರ್ಥಶಾಸ್ತ್ರದ ಮೇಷ್ಟ್ರನ್ನು ಒಂದು ಮಾತು ಕೇಳಿ ಬನ್ನಿ ಎಂದರು. ಆ ಮೇಷ್ಟ್ರು ವಯಸ್ಸಿನವರು, ನಗುಮುಖ. "ನೀವು ಚೈತ್ರಾ ಅವರ ತಂದೆಯಾ? ಬನ್ನಿ ಬನ್ನಿ, ನಿಮ್ಮ ವಿಷಯವೇ ನಡೀತಾ ಐತೆ, ಹಿಂದಿನ ಬೆಂಚಿನಲ್ಲಿ ಕೂತ್ಕೊಳ್ರಿ" ಎಂದು ತರಗತಿಯೊಳಗೆ ಕರೆದೊಯ್ದರು. ಹೀಗೆ ನನ್ನ ಜೀವನದಲ್ಲಿ ಮೊದಲ ಸಲ ಡಿಗ್ರಿ ಕಾಲೇಜಿನ ಬೆಂಚಿನ ಮೇಲೆ ಕೂತೆ.

ಬೋರ್ಡಿನ ಮೇಲೆ ನನ್ನ ಮೂರು ದರಗಳು ಒಂದರ ಕೆಳಗೊಂದು ನಿಂತಿದ್ದವು. ಒಂದೇ ಹಿಂಡು, ಒಂದೇ ದಿನ, ಒಬ್ಬನೇ ಮಾರಿದವನು ಎಂದು ಪಕ್ಕದಲ್ಲಿ ಬರೆದಿತ್ತು. ಹೆಸರು ಬರೆದಿರಲಿಲ್ಲ, ಅಷ್ಟು ಉಪಕಾರ. ಯೋಚಿಸಿ ನೋಡಿ, ಈ ಮೂವರು ಬೇರೆಬೇರೆ ಸೆಕ್ಷನ್ನಿನಲ್ಲಿದ್ದಿದ್ದರೆ ಬಿಂದು ತನ್ನ ದರವನ್ನು ಒಬ್ಬ ಮೇಷ್ಟ್ರಿಗೆ ಕೊಡುತ್ತಿದ್ದಳು, ಸುಜಾತಾ ಇನ್ನೊಬ್ಬರಿಗೆ, ಮೇಘನಾ ಮತ್ತೊಬ್ಬರಿಗೆ. ಮೂವರೂ ಪಾಸಾಗುತ್ತಿದ್ದರು, ನನ್ನ ಮೂರು ಮಾತೂ ಮೂರು ಕಡೆ ನಿಜವಾಗಿ ಬಾಳುತ್ತಿದ್ದವು. ಒಂದೇ ಬೆಂಚಿನಲ್ಲಿ ಕೂತದ್ದರಿಂದ ಮೂರೂ ಎದುರುಬದುರಾದವು. ಮೂವತ್ತು ವರ್ಷದಿಂದ ಟವೆಲ್ಲಿನ ಕೆಳಗಿದ್ದ ವಿದ್ಯೆಯನ್ನು ನಾಲ್ಕು ಹುಡುಗಿಯರ ಕೂಡು ಓದು ಬಿಸಿಲಿಗೆ ಹರವಿತು.

"ಯಾಕೆ ಹೀಗೆ ಬೇರೆಬೇರೆ ಹೇಳಿರಬಹುದು?" ಎಂದು ಮೇಷ್ಟ್ರು ಕೇಳಿದರು.

ಯಾರೋ ಹುಡುಗ, "ಅಜ್ಜನಿಗೆ ಮರೆವು ಸಾರ್" ಎಂದ. ಅವನ ವಯಸ್ಸಿನ ಲೆಕ್ಕದಲ್ಲಿ ನಾನು ಅಜ್ಜನಾಗಿದ್ದೆ, ಇರಲಿ. ಬಿಂದು ಎದ್ದು, "ಈ ಮೂರು ಬೇಡ ಸಾರ್, ತೆಗೆದುಬಿಡೋಣ, ಬೇರೆ ಯಾರನ್ನಾದ್ರೂ ಕೇಳ್ತೀವಿ" ಎಂದಳು. ಅವಳು ನನ್ನನ್ನು ನೋಡಿದ್ದಳು. ನನ್ನ ಮಗಳ ಮರ್ಯಾದೆ ಉಳಿಸಲು ತಾನು ಮಾಡಿದ ಕೆಲಸವನ್ನೇ ಒರೆಸಲು ಎದ್ದಿದ್ದಳು. ಆ ಹುಡುಗಿಯ ಮೇಲೆ ನಾನು ಆರು ತಿಂಗಳು ಹೊಟ್ಟೆ ಉರಿದುಕೊಂಡಿದ್ದೆ.

ಆಗ ಚೈತ್ರಾ ಎದ್ದಳು. "ತೆಗೆಯೋದು ಬೇಡ ಸಾರ್. ಅವರು ಮರೆತಿಲ್ಲ. ತಗೊಳ್ಳೋರಿಗೆ ಒಂದು, ಮಾರೋರಿಗೆ ಒಂದು, ಯಾವುದೂ ಅಲ್ದೋರಿಗೆ ಒಂದು ಹೇಳಿದಾರೆ. ನಮ್ಮ ಸಂತೇಲಿ ದರ ಕುರಿ ಮೇಲೆ ಮಾತ್ರ ನಿಂತಿಲ್ಲ, ಕೇಳೋರು ಯಾರು ಅನ್ನೋದ್ರ ಮೇಲೂ ನಿಂತೈತೆ. ಅದನ್ನೇ ಬರೆಯೋಣ" ಎಂದಳು. ಧ್ವನಿಯಲ್ಲಿ ನಾಚಿಕೆ ಇರಲಿಲ್ಲ. ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ ಪುಸ್ತಕ ಮತ್ತು ನಾನು ದಿನವೂ ಮಾಡುವ ಕಸುಬು, ಇವೆರಡನ್ನೂ ಆ ಪುಟ್ಟ ಬಾಯಿ ಒಂದೇ ಉಸಿರಿನಲ್ಲಿ ಗಂಟು ಹಾಕಿತು.

ಗಂಟೆ ಹೊಡೆಯಿತು. ಆಗ ನಡೆದದ್ದನ್ನು ನೀವು ಗಮನಿಸಬೇಕು. ನಮ್ಮ ಹೈಸ್ಕೂಲಿನಿಂದ ಇವತ್ತಿನವರೆಗೆ ನಾನು ಕಂಡಂತೆ, ಬರುವ ಮೇಷ್ಟ್ರು ಮಾಡುವ ಮೊದಲ ಕೆಲಸ ಹೋದ ಮೇಷ್ಟ್ರು ಬರೆದದ್ದನ್ನು ಒರೆಸುವುದು. ಹೀಗೆ ಒರೆಸಿ ಒರೆಸಿಯೇ ನಮ್ಮ ತಲೆಯೊಳಗೂ ಒಂದು ಪಾಠ ಇನ್ನೊಂದರ ಮುಖ ನೋಡದೆ ಉಳಿದದ್ದು. ಇಲ್ಲಿ ಸಂಖ್ಯಾಶಾಸ್ತ್ರದ ಮೇಡಂ ಬಂದವರು ಬೋರ್ಡು ಒರೆಸಲಿಲ್ಲ. ಅದನ್ನೇ ಓದಿ, ಸೀಮೆಸುಣ್ಣ ಕೈಗೆ ತೆಗೆದುಕೊಂಡು, ಐದು ನಿಮಿಷ ನೀರು ಕುಡಿದು ಬನ್ನಿ, ಇಲ್ಲಿಂದಲೇ ಮುಂದುವರಿಸೋಣ ಎಂದರು. ನನಗೆ ಮತ್ತೆ ಹೊಟ್ಟೆ ಉರಿಯಿತು. ಶೇಂಗಾ ಹೊಲದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದು ನಮಗೆ ಅಜ್ಜನ ಕಾಲದಿಂದ ಗೊತ್ತು. ಒಂದರ ಬೇರು ಮೇಲೆ, ಒಂದರ ಬೇರು ಆಳಕ್ಕೆ, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಹೊಲಕ್ಕೆ ಗೊತ್ತಿದ್ದ ಈ ಬುದ್ಧಿ ಓದಿಗೂ ಸಲ್ಲುತ್ತದೆ ಎಂದು ನನ್ನ ಕಾಲದಲ್ಲಿ ಯಾರಿಗೂ ಯಾಕೆ ಹೊಳೆಯಲಿಲ್ಲ?

ಆ ಐದು ನಿಮಿಷದಲ್ಲಿ ಮಗಳು ವರಾಂಡಕ್ಕೆ ಬಂದಳು. ಉಳಿದ ಮೂವರು ನೀರಿನ ನಲ್ಲಿಯ ಹತ್ತಿರ ನಿಂತು ಈ ಕಡೆ ನೋಡದಂತೆ ನೋಡುತ್ತಿದ್ದರು.

"ಬ್ಯಾಚ್ ಬದಲಿಸಾಕೆ ಬಂದೀರಂತೆ. ಅಮ್ಮ ಹೇಳಿದ್ಲು."

"ನಿನ್ನ ಒಳ್ಳೇದಕ್ಕೇ."

"ನೀವು ಹೆಂಗೆ ಹೇಳಿದ್ರೆ ಹಂಗೆ ಅಪ್ಪಾಜಿ. ನಾನು ಅಳೋದಿಲ್ಲ, ಜಗಳ ಆಡೋದಿಲ್ಲ. ಆದ್ರೆ ಒಂದು. ಆ ಹಿಂಡು ನಿಜವಾಗ್ಲೂ ಎಷ್ಟಕ್ಕೆ ಹೋಯ್ತು ಅಂತ ಒಳಗೆ ಬಂದು ಹೇಳ್ರಿ. ಅದಿಲ್ದೆ ನಮ್ಮ ಕೆಲಸ ಅರ್ಧಕ್ಕೆ ನಿಂತೈತೆ. ಆಮೇಲೆ ಆಫೀಸಿಗೆ ಹೋಗೋಣ, ನಾನೇ ಬರ್ತೀನಿ."

"ದಲ್ಲಾಳಿ ದರ ಹೇಳಿದ್ರೆ ನಾಳೆ ಸಂತೇಲಿ ಯಾವನು ಕೈ ಕೊಡ್ತಾನೆ?"

"ನನ್ನನ್ನ ಇಲ್ಲಿಂದ ಕಿತ್ತರೆ ನನಗ್ಯಾರು ಕೈ ಕೊಡ್ತಾರೆ? ನೀವೂ ಒಂದು ಬಿಡ್ರಿ, ನಾನೂ ಒಂದು ಬಿಡ್ತೀನಿ."

ನೂರಾರು ಜನರೊಡನೆ ಚೌಕಾಸಿ ಮಾಡಿದ್ದೇನೆ. ಇಷ್ಟು ಮೆತ್ತಗೆ ಯಾರೂ ನನ್ನನ್ನು ಗೋಡೆಗೆ ಒತ್ತಿರಲಿಲ್ಲ. ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಹೆಮ್ಮೆ. ಆ ಹೆಮ್ಮೆಯ ಬೆನ್ನಲ್ಲೇ, ಇದನ್ನು ಇವಳು ಕಲಿತದ್ದು ನನ್ನಿಂದಲೋ ಆ ಮೂವರಿಂದಲೋ ಎಂಬ ಸಂಶಯವೂ ಬಂತು.

ಒಳಗೆ ಹೋದೆ. ಮೊದಲು ಸ್ವಲ್ಪ ಕಾಲ ತಳ್ಳೋಣವೆಂದು ಟವೆಲ್ ತೆಗೆದು, ಮೇಡಂ ಅವರ ಅಪ್ಪಣೆ ಕೇಳಿ, ಅಜ್ಜನಿಗೆ ಮರೆವು ಎಂದ ಹುಡುಗನನ್ನೇ ಕರೆದು ಅವನ ಕೈ ಹಿಡಿದು ಬೆರಳಿನ ವ್ಯಾಪಾರ ತೋರಿಸಿದೆ. ತರಗತಿ ನಕ್ಕಿತು. ಆಮೇಲೆ ಮೇಡಂ, "ಮೂರು ದರದ ಸರಾಸರಿ ತೆಗೆದರೆ ನಿಜವಾದ ದರಕ್ಕೆ ಹತ್ತಿರ ಬರುತ್ತದೆಯೇ?" ಎಂದು ಮಕ್ಕಳನ್ನು ಕೇಳಿ ನನ್ನ ಕಡೆ ತಿರುಗಿದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಸೀಮೆಸುಣ್ಣ ಈಸಿಕೊಂಡು ನಾನೇ ಬೋರ್ಡಿನಲ್ಲಿ ನಿಜವಾದ ದರ ಬರೆದೆ.

ಅದು ಮೂರಕ್ಕಿಂತಲೂ ಕೆಳಗಿತ್ತು. ಸುಜಾತಾಗೆ ಹೇಳಿದ ಇಳಿಸಿದ ದರಕ್ಕಿಂತಲೂ ಬಹಳ ಕೆಳಗೆ. ಜಗಳೂರಿನ ಹೆಸರುವಾಸಿ ದಲ್ಲಾಳಿ, ಸ್ವಂತ ಹಿಂಡನ್ನು, ಹೊಸಬರೂ ಕೊಡದ ದರಕ್ಕೆ ಕೊಟ್ಟಿದ್ದ. ನಾನು ಯಾರಿಗೂ ಹೇಳದೆ ನುಂಗಿಕೊಂಡಿದ್ದ ದರ ಇದು.

"ಯಾಕ್ ಅಂಕಲ್ ಅಷ್ಟು ಕಮ್ಮಿಗೆ ಕೊಟ್ರಿ?" ಎಂದಳು ಮೇಘನಾ. ಸುಮ್ಮನೆ ಓದಲು ಕೇಳುವವರ ಪ್ರಶ್ನೆ ಯಾವಾಗಲೂ ಹೀಗೆ ನೆಟ್ಟಗೆ ಬಂದು ಚುಚ್ಚುತ್ತದೆ.

"ಬಸ್ಸಿಗೆ ಹೊತ್ತಾಗಿತ್ತಮ್ಮ. ನಿಂತು ಚೌಕಾಸಿ ಮಾಡಾಕೆ ಆಗಲಿಲ್ಲ."

ಸುಜಾತಾ ತನ್ನ ಹಾಳೆಯಲ್ಲಿ ಮಾರಿದ ದಿನ ಯಾವುದೆಂದು ನೋಡಿದಳು. ಬಿಂದುವಿಗೆ ತೋರಿಸಿದಳು. ಬಿಂದು ಅದನ್ನು ನನ್ನ ಮಗಳ ಮುಂದೆ ಸರಿಸಿದಳು. ನಾನು ಎಳನೀರು ಹಿಡಿದು ಬಂದದ್ದು ಅದೇ ದಿನವೆಂದು ಜ್ವರದಲ್ಲಿ ಮಲಗಿದ್ದವಳಿಗೆ ಗೊತ್ತಿರಲಿಲ್ಲ, ಗಂಜಿ ಕಾಯಿಸಿದವರಿಗೆ ಗೊತ್ತಿತ್ತು. ಚೈತ್ರಾ ತಲೆ ತಗ್ಗಿಸಿ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದಳು. ಮೇಡಂಗೆ ಏನೂ ತಿಳಿಯದೆ, "ತುರ್ತು ಇದ್ದವರು ಕಡಿಮೆಗೆ ಮಾರುತ್ತಾರೆ, ಇದನ್ನೂ ಬರೆದುಕೊಳ್ಳಿ" ಎಂದರು. ಎಲ್ಲರೂ ಬರೆದುಕೊಂಡರು. ಕನ್ನಡದ ಪಿರಿಯಡ್ಡಿನಲ್ಲಿ ಅದನ್ನು ಹೇಗೆ ಬರೆದರೋ ನನಗೆ ಗೊತ್ತಿಲ್ಲ, ಓದಲು ಕೊಡು ಎಂದು ನಾನು ಕೇಳಿಲ್ಲ.

ಆಫೀಸಿನ ಕಿಟಕಿ ಮುಚ್ಚುವ ಹೊತ್ತಿಗೆ ನಾನು ಮಂಡಕ್ಕಿ ಅಂಗಡಿಯಲ್ಲಿದ್ದೆ. ಮಗಳು ಆಫೀಸಿನ ಮಾತೆತ್ತಿದಳು, ಬಹಳ ಹೊತ್ತಾಯಿತು ಬಿಡು ಎಂದೆ. ಹಾಗೆಂದು ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡಿ. ನಾಲ್ವರೂ ಒಂದೇ ಪೇಪರಿನ ಮೇಲೆ ಮಂಡಕ್ಕಿ ಸುರಿದುಕೊಂಡು, ಒಬ್ಬಳ ಮಿರ್ಚಿಯನ್ನು ಇನ್ನೊಬ್ಬಳು ಕಚ್ಚಿ, ನಾಳೆಯ ಪಾಠದ ಬಗ್ಗೆ ಜಗಳವಾಡುತ್ತಿದ್ದಾಗ ನಾನು ನನ್ನ ಪ್ಲೇಟು ಹಿಡಿದು ಬದಿಯ ಸ್ಟೂಲಿನ ಮೇಲೆ ಕೂತಿದ್ದೆ. ಆ ಪೇಪರಿಗೆ ಕೈ ಹಾಕುವ ಹಕ್ಕು ಯಾವ ಯೂನಿವರ್ಸಿಟಿಯೂ ನನಗೆ ಅಂಚೆಯಲ್ಲಿ ಕಳಿಸಲಾರದು.

ಆ ವಾರವೇ ಒಂದು ಫೋನ್ ಬಂತು. ಗೋವಿನಕೋವಿಯಿಂದ ಸುಜಾತಾಳ ಅಪ್ಪ. ಮಗಳ ಫೋನಿನಿಂದ ನಂಬರು ತೆಗೆದುಕೊಂಡಿದ್ದರಂತೆ. ಕುರಿ ಬೇಕೇನೋ ಎಂದುಕೊಂಡೆ. ಅವರು ಸ್ವಲ್ಪ ಹೊತ್ತು ಮೆಕ್ಕೆಜೋಳದ ಮಾತಾಡಿ, ಆಮೇಲೆ, "ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಹುಡುಗಿ ಮನೆಗೆ ಬಂದ್ರೆ ಬಾಯ್ತುಂಬ ಚೈತ್ರಾ ಚೈತ್ರಾ ಅಂತಾಳೆ. ನಿಮ್ಮ ಮಗಳು ಲೆಕ್ಕ ಹಿಂಗೆ ಹೇಳಿದ್ಲು, ನಿಮ್ಮ ಮಗಳು ಹಂಗೆ ಅಂದ್ಲು. ನಾನು ಹೇಳಿದ್ದು ಕಿವಿಗೇ ಹಾಕ್ಕೊಳ್ಳಲ್ಲ. ನಿಮ್ಮ ಮಗಳು ಅಂಥದ್ದೇನು ಹೇಳ್ತಾಳೆ ಅಂತ ತಿಳ್ಕೊಳ್ಳಾಕೆ ಫೋನ್ ಮಾಡ್ದೆ" ಎಂದರು.

ನಾನು ಗೋಡೆಗೆ ಒರಗಿ ಕೂತೆ. ಆರು ತಿಂಗಳಲ್ಲಿ ಅಷ್ಟು ಹಗುರವಾಗಿ ನಾನು ಕೂತದ್ದು ಅವತ್ತೇ. "ನಿಮಗೂ ಉರೀತೈತಾ?" ಎಂದು ಕೇಳಿದೆ. ಆ ಕಡೆಯಿಂದ ಒಂದು ದೊಡ್ಡ ನಗು ಬಂತು. ಅವರು ಹೇಳಿದ ಪ್ರಕಾರ ನಲ್ಲೂರಿನ ಅಂಗಡಿಯವರದೂ ಇದೇ ಕಥೆ, ಹೊನ್ನಾಳಿಯವರ ಮನೆಯಲ್ಲಿ ತಾಯಿಗೆ ಹೆಚ್ಚು.

ಇಷ್ಟು ಖರ್ಚು ಮಾಡಿದವನಾದ್ದರಿಂದ ನಿಮಗೆ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ. ಮಕ್ಕಳ ಕಾಲೇಜಿನಲ್ಲಿ ಹೀಗೆ ಕೂಡಿಸಿದ ಪಾಠಗಳಿದ್ದರೆ ಸೇರಿಸಿ. ಸೇರಿಸುವ ಮುಂಚೆ ಆಫೀಸಿನಲ್ಲಿ ಕೊಡುವ ಬಣ್ಣದ ಕಾಗದ ಓದಬೇಡಿ, ತರಗತಿಯ ಬಾಗಿಲಲ್ಲಿ ನಿಂತು ಒಬ್ಬ ಮೇಷ್ಟ್ರು ಹೋಗಿ ಇನ್ನೊಬ್ಬರು ಬರುವುದನ್ನು ನೋಡಿ. ಬಂದವರು ಬೋರ್ಡು ಒರೆಸಿದರೆ ಅದು ಹೆಸರಿಗಷ್ಟೇ ಕೂಡಿಸಿದ್ದು, ಚೌಕಾಸಿ ಮಾಡದೆ ವಾಪಸ್ಸು ಬನ್ನಿ. ಮಗ ಅಥವಾ ಮಗಳಿಗೆ ಬೆಂಚಿನಲ್ಲಿ ನಿಮ್ಮೂರಿನವರೇ ಸಿಗಲಿ ಎಂದು ಹರಕೆ ಹೊರಬೇಡಿ, ನಿಮ್ಮ ಮಳೆ ಕಾಣದ ಊರಿನವರು ಸಿಕ್ಕರೆ ಲಾಭ. ಅವರು ಫೋನ್ ಮಾಡಿ ಏನಾದರೂ ಕೇಳಿದರೆ ಎಲ್ಲರಿಗೂ ಒಂದೇ ಉತ್ತರ ಹೇಳಿ, ಇದು ಅನುಭವದ ಮಾತು. ಉರಿ ಬಂದೇ ಬರುತ್ತದೆ, ಅದನ್ನು ಹೆಂಡತಿಯ ಮುಂದೆ ರ್‍ಯಾಂಕಿನ ಚಿಂತೆ ಎಂದು ಮಾರಲು ಹೋಗಬೇಡಿ, ಆ ಸಂತೆಯಲ್ಲಿ ಗಿರಾಕಿಯಿಲ್ಲ. ಬದಲಿಗೆ ಉಳಿದ ಮಕ್ಕಳ ಅಪ್ಪ ಅಮ್ಮಂದಿರ ನಂಬರು ಸಂಪಾದಿಸಿ, ಒಂದು ಭಾನುವಾರ ಅವರಲ್ಲೊಬ್ಬರ ಮನೆಗೆ ಹೋಗಿ. ನಾವು ಮುಂದಿನ ಭಾನುವಾರ ಗೋವಿನಕೋವಿಗೆ ಹೊರಟಿದ್ದೇವೆ, ನಲ್ಲೂರು ಮತ್ತು ಹೊನ್ನಾಳಿಯವರೂ ಬರುತ್ತಾರೆ. ಮಕ್ಕಳಿಗೆ ಹೇಳಿಲ್ಲ. ಹೋಗುವಾಗ ಬೇಕರಿಯ ಡಬ್ಬ ಒಯ್ಯಬೇಡಿ, ಅದನ್ನು ಒಳಗೆ ಎತ್ತಿಟ್ಟುಬಿಡುತ್ತಾರೆ. ಸಿಪ್ಪೆ ಸಮೇತ ಹಸಿ ಶೇಂಗಾ ಒಂದು ಚೀಲ ಒಯ್ಯಿರಿ. ನಡುವೆ ಸುರಿದುಕೊಂಡು ಬಿಡಿಸುತ್ತಾ ಕೂತರೆ, ಒಬ್ಬರ ಮುಖ ಒಬ್ಬರು ನೋಡುವ ಕಷ್ಟವಿಲ್ಲದೆ, ನಮ್ಮಂಥ ಗಂಡಸರು ಕೂಡ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತಾರೆ.